ಕಾಲು ನೆಲಕ್ಕೆ ಮುಟ್ಟದ ಗಾಡಿ

ಅವರು ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: ‘ದೊಡ್ಡ ಮನುಷ್ಯ, ದೊಡ್ಡ ಮನುಷ್ಯ.’ ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಸಾವಿನ ಮನೆಯಲ್ಲಿ ಬಂದವರ ಮಾತು ತಿದ್ದುವುದು ಚೆನ್ನಾಗಿರುವುದಿಲ್ಲ. ಆದರೆ ನನ್ನ ಗಂಡ ದೊಡ್ಡ ಮನುಷ್ಯ ಅಲ್ಲ, ಗಿಡ್ಡ ಮನುಷ್ಯ. ಐದು ಅಡಿಗೂ ಒಂದು ಹೆಬ್ಬೆರಳು ಕಡಿಮೆ. ನಮ್ಮ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಅವರ ಸೋದರಮಾವ ಓಡಿಬಂದು ಅವರ ಕಾಲ ಕೆಳಗೆ ಎರಡು ಮಣೆ ಒಂದರ ಮೇಲೊಂದು ಇಟ್ಟಿದ್ದರು. ಅಷ್ಟು ಮಾಡಿದರೂ ಫೋಟೋದಲ್ಲಿ ನಾನು ಅವರ ದೊಡ್ಡಕ್ಕನ ಹಾಗೆ ಕಾಣುತ್ತೇನೆ.

ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿ ಇರಲಿಲ್ಲ. ಈಗ ಹೇಳಿದರೆ ಓ ಅನ್ನುವವರಿಲ್ಲ. ಹಾಗಾಗಿ ಇಲ್ಲಿಯೂ ಅವರು ‘ಅವರು’ ಅಷ್ಟೇ.

ಅವರು ಪೇಟಿ ಮೇಷ್ಟ್ರು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತೇವೆ. ಸುಗ್ಗಿ ಮುಗಿದು ಕೈ ಖಾಲಿಯಾಗುತ್ತಿದ್ದಂತೆ ಹಳ್ಳಿಯ ಗಂಡಸರಿಗೆ ನಾಟಕದ ಹುಚ್ಚು ಹತ್ತುತ್ತಿತ್ತು. ಹಗಲೆಲ್ಲ ಎಮ್ಮೆ ಮೈ ತೊಳೆದವರು ಸಂಜೆ ರಾಜರಾಗಬೇಕಿತ್ತು. ಅವರಿಗೆ ಹಾಡುವುದು, ಕತ್ತಿ ಹಿಡಿಯುವುದು, ಸಾಯುವುದು, ಸತ್ತ ಮೇಲೆ ಕೆಮ್ಮದೆ ಮಲಗುವುದು, ಎಲ್ಲವನ್ನೂ ಕಲಿಸಲು ಒಬ್ಬ ಮೇಷ್ಟ್ರು ಬೇಕು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಸುತ್ತ, ಅತ್ತ ಜಗಳೂರಿನವರೆಗೂ ಅವರಿಗೆ ಹಳ್ಳಿಗಳಿದ್ದವು. ಸಂಕ್ರಾಂತಿ ಕಳೆದು ಪೇಟಿ ಹೊತ್ತು ಬಸ್ಸು ಹತ್ತಿದರೆ ಮುಂಗಾರು ಹನಿದ ಮೇಲೆಯೇ ಅವರು ಮನೆ ಸೇರುತ್ತಿದ್ದುದು. ನಾನು ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ನ್ಯಾಮತಿಗೆ ಸೊಸೆಯಾಗಿ ಬಂದವಳು. ಮದುವೆಯಾಗಿ ಕೆಲವು ವರ್ಷ ಕಳೆದರೂ ಗಂಡನನ್ನು ಮಳೆಗಾಲದಲ್ಲಿ ಮಾತ್ರ ನೋಡಿದ್ದೆ, ಅಣಬೆಯನ್ನು ನೋಡಿದ ಹಾಗೆ.

ಅತ್ತೆ ಮಾತ್ರ ತಿಂಗಳು ತಿಂಗಳು ನನ್ನ ಹೊಟ್ಟೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

‘ಅಟ್ಟದ ಮ್ಯಾಲಿನ ತೊಟ್ಟಿಲಾಗೆ ಇಲಿ ಮರಿ ಹಾಕೈತೆ. ಇಲಿಗೇ ಗೊತ್ತಾತು ತೊಟ್ಟಿಲು ಯಾಕೈತೆ ಅಂತ,’ ಎಂದರು ಒಂದು ದಿನ, ನನಗೆ ಕೇಳಿಸುವಷ್ಟು ಮೆಲ್ಲಗೆ.

‘ನಿಮ್ಮ ಮಗ ವರ್ಷದಾಗೆ ಅರ್ಧ ಪೇಟಿ ಜತೆ ಮಲಗ್ತಾರೆ ಅತ್ತೆ. ಹಡೆದ್ರೆ ಅದೇ ಹಡೀಬೇಕು,’ ಎಂದೆ.

ನಾನು ಹೆಚ್ಚು ಮಾತಾಡುವವಳಲ್ಲ. ಅದಕ್ಕೇ ಆ ಮಾತು ಮನೆಯಲ್ಲಿ ಬಹಳ ದಿನ ಓಡಾಡಿತು. ನನಗೆ ಬೇಕಾಗಿದ್ದುದು ಬಂಗಾರವಲ್ಲ, ಸೀರೆಯಲ್ಲ. ಅವರು ಹೊರಟಾಗ ನಾನೂ ಹೊರಡಬೇಕು, ಅಷ್ಟೇ. ಬಸ್ಸಿನಲ್ಲಿ ಪೇಟಿಗೂ ನನಗೂ ಇಬ್ಬರಿಗೂ ಜಾಗ ಸಿಕ್ಕುವುದಿಲ್ಲ ಎಂದು ಅವರು ಪ್ರತಿ ವರ್ಷ ಹೇಳುತ್ತಿದ್ದರು. ಜಾಗ ಪ್ರತಿ ವರ್ಷ ಪೇಟಿಗೇ ಸಿಗುತ್ತಿತ್ತು.

ಆದರೆ ಬಸ್ಸಿನವರಿಗೆ ಪೇಟಿಯೂ ಒಂದೇ, ಮೆಣಸಿನಕಾಯಿ ಚೀಲವೂ ಒಂದೇ. ಒಂದು ಸಲ ಬಸ್ಸಿನ ಮೇಲೆ ಯಾರದೋ ಚೀಲ ಒಡೆದು ಪೇಟಿಯೊಳಗೆಲ್ಲ ಮೆಣಸಿನಕಾಯಿ ಘಾಟು ಸೇರಿಕೊಂಡಿತು. ಆ ವರ್ಷ ಅವರು ತಿದಿ ಒತ್ತಿದಾಗಲೆಲ್ಲ ಮುಂದಿನ ಸಾಲಿನವರು ಸೀನಿದರು. ಅಳುವ ದೃಶ್ಯಗಳು ಮಾತ್ರ ಹಿಂದೆಂದೂ ಆಗದಷ್ಟು ಚೆನ್ನಾಗಿ ಆದವಂತೆ. ಮನೆಗೆ ಬಂದ ಕೂಡಲೇ ಅವರು ಪೇಟಿಯನ್ನು ಬಿಚ್ಚಿ ಬಿಸಿಲಿಗಿಟ್ಟು, ‘ಇನ್ನು ಬಸ್ಸು ಬ್ಯಾಡ. ಗಾಡಿ ತಗಳಣ,’ ಎಂದರು.

ಸೈಕಲ್ಲನ್ನೇ ಕಟ್ಟೆಯಿಂದ ಕಟ್ಟೆಗೆ ಮಾತ್ರ ಓಡಿಸುತ್ತಿದ್ದ ಮನುಷ್ಯ. ಅಂಥವರಿಗೆ ಗಾಡಿ ಆರಿಸಲು ಹೊರಟವರು ಅವರ ಸೋದರಮಾವ, ಅದೇ ಮಣೆ ಇಟ್ಟವರು. ಸೋದರಮಾವನ ಕಸುಬು ದನದ ದಲ್ಲಾಳಿತನ. ಜೀವವಿರುವ ಯಾವುದನ್ನೂ ಅವರು ನೋಡದೆ ಕೊಳ್ಳಲು ಬಿಡುತ್ತಿರಲಿಲ್ಲ. ಜೀವವಿಲ್ಲದ್ದಕ್ಕೂ ಅದೇ ಪದ್ಧತಿ ಸಾಕು ಎಂದು ಅವರ ನಂಬಿಕೆ. ನನ್ನನ್ನೂ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದವರೂ ಅವರೇ.

‘ಹೆಣ್ಣುಮಗಳು ಅಲ್ಲಿಗೆ ಯಾಕೋ?’ ಎಂದು ಅತ್ತೆ ಕೇಳಿದರು.

‘ಎತ್ತು ತರೋವಾಗ ಮನೆ ಸೊಸಿ ನೋಡಿ ಒಪ್ಪಬೇಕವ್ವ. ನಾಳೆ ಸಗಣಿ ಬಾಚೋಳು ನೀನಲ್ಲ, ಅವಳು.’

ಮೋಟರ್ ಸೈಕಲ್ ಸಗಣಿ ಹಾಕುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೇಳಬಹುದಾಗಿದ್ದ ನಾನು ಸೀರೆ ಬದಲಿಸಲು ಒಳಗೆ ಓಡಿದ್ದೆ.

ಮೊದಲು ಚನ್ನಗಿರಿಗೆ ಹೋದೆವು. ಅಲ್ಲೊಬ್ಬ ಗುಮಾಸ್ತರು ತಮ್ಮ ಸಣ್ಣ ಗಾಡಿ ಮಾರುವವರಿದ್ದರು. ತೆಳ್ಳಗೆ, ಅಚ್ಚುಕಟ್ಟಾಗಿ, ಮದುವೆಗೆ ಬಂದ ಹುಡುಗನ ಹಾಗೆ ಮೈ ಒರೆಸಿಕೊಂಡು ನಿಂತಿತ್ತು. ಅವರು ಹತ್ತಿ ಕೂತರು. ಎರಡು ಕಾಲೂ ನೆಲಕ್ಕೆ ಮುಟ್ಟಿದವು. ಅವರ ಮುಖದಲ್ಲಿ ಬಂದ ಕಳೆ ನಾನು ಮದುವೆ ದಿನವೂ ನೋಡಿರಲಿಲ್ಲ. ‘ಹಿಂದೆ ಪೇಟಿಗೆ ಹೇಳಿ ಮಾಡಿಸಿದಂಗೈತೆ,’ ಎಂದು ಸೀಟನ್ನು ಗೇಣಿನಿಂದ ಅಳೆದರು. ನಿಜ. ಪೇಟಿಗೆ ಹೇಳಿ ಮಾಡಿಸಿದ ಹಾಗಿತ್ತು. ನಾನು ಗಾಡಿಯನ್ನು ಎರಡೂ ಕಡೆಯಿಂದ ನೋಡಿದೆ. ಪೇಟಿ ಇಟ್ಟ ಮೇಲೆ ಉಳಿಯುವ ಜಾಗದಲ್ಲಿ ನಾನಲ್ಲ, ನನ್ನ ಸೆರಗೂ ಕೂರುತ್ತಿರಲಿಲ್ಲ.

ಸೋದರಮಾವ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿ, ‘ಇದು ಹೊರಡಾಕೆ ಯಾವ ಕಾಲ್ರೀ?’ ಎಂದರು.

ಗುಮಾಸ್ತರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ‘ಗೇರೇನ್ರೀ? ಎಡಗಾಲು.’

ಸೋದರಮಾವ ಎದ್ದು ಪಂಚೆ ಕೊಡವಿದರು. ‘ನಡೀರಿ.’

ನಮ್ಮ ಕಡೆ ಎತ್ತು ಕೊಳ್ಳುವವರು ಹಗ್ಗ ಹಿಡಿದು ಒಂದು ಹೆಜ್ಜೆ ನಡೆಸಿ ನೋಡುತ್ತಾರೆ. ಬಲಗಾಲು ಮುಂದಿಟ್ಟರೆ ಮನೆಗೆ, ಎಡಗಾಲು ಇಟ್ಟರೆ ವಾಪಸ್ ಗೂಟಕ್ಕೆ. ಎಡಗಾಲಿನಲ್ಲಿ ಹೊರಟ ಎತ್ತಿನ ಜೊತೆ ಅವರ ಅನುಭವ ಏನಿತ್ತೋ, ಆ ಗಾಡಿಯನ್ನು ಮತ್ತೆ ತಿರುಗಿಯೂ ನೋಡಲಿಲ್ಲ.

‘ಮಾವ, ಕಾಲು ಮುಟ್ಟತಿತ್ತು,’ ಎಂದರು ಅವರು, ಬಸ್ ಸ್ಟ್ಯಾಂಡಿನವರೆಗೂ.

‘ಕಾಲು ಮುಟ್ಟೋದೇ ಮುಖ್ಯ ಆದ್ರೆ ಕತ್ತೆ ತಗಾ. ಪೆಟ್ರೋಲೂ ಬ್ಯಾಡ.’

ಹೊನ್ನಾಳಿಯಲ್ಲಿ ಅಕ್ಕಿ ಮಿಲ್ಲಿನ ಸಾಹುಕಾರರೊಬ್ಬರ ಬುಲೆಟ್ ಇತ್ತು. ಸಾಹುಕಾರರಿಗೆ ಮೊಣಕಾಲು ನೋವು ಬಂದು ಕಿಕ್ ಹೊಡೆಯಲು ಆಗುತ್ತಿರಲಿಲ್ಲ. ಗೋಣಿ ತಾಟು ಸರಿಸಿದರೆ ಕೆರೆಯಿಂದ ಎದ್ದ ಎಮ್ಮೆಯಂತೆ ಕಪ್ಪಗೆ ನಿಂತಿತ್ತು. ಸೂಳೆಕೆರೆ ಏರಿಯ ಮೇಲೆ ಹೋದರೆ ನೀರಿನೊಳಗಿನ ಮೀನು ಪಕ್ಕಕ್ಕೆ ಸರಿಯುತ್ತವೆ ಎಂದು ಸಾಹುಕಾರರು ಅದರ ಗುಣಗಾನ ಮಾಡಿದರು. ಮಿಲ್ಲಿನ ಹಮಾಲ ಬಂದು ದೀಪದ ಮೇಲಿನ ಮೀಟರಿನ ಮುಳ್ಳನ್ನು ನಡುವಿಗೆ ತಂದು ಒಂದೇ ಒದೆ ಒದ್ದ. ಗಾಡಿ ಡುಗ್ ಡುಗ್ ಎಂದಿತು. ಅಲ್ಲಿಯವರೆಗೆ ಮುಖ ಗಂಟು ಹಾಕಿಕೊಂಡಿದ್ದ ನಮ್ಮ ಮೇಷ್ಟ್ರು ತಲೆಯೆತ್ತಿದರು. ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು.

‘ಲಯ ಐತೆ ಮಾವ. ಚನ್ನಗಿರಿದು ಸೊಳ್ಳೆ ಇದ್ದಂಗಿತ್ತು.’

‘ಯಾವ ಕಾಲು?’ ಎಂದರು ಸೋದರಮಾವ. ಅವರಿಗೆ ಲಯ ಬೇಕಿರಲಿಲ್ಲ.

‘ಬಲಗಾಲಿಗೆ ಗೇರು,’ ಎಂದರು ಸಾಹುಕಾರರು.

ಸೋದರಮಾವ ಬುಲೆಟ್ಟಿನ ಟ್ಯಾಂಕು ತಟ್ಟಿದರು, ಎತ್ತಿನ ಹೆಗಲು ತಟ್ಟುವ ಹಾಗೆ. ‘ಹಲ್ಲು?’

‘ಹಲ್ಲು ಗೇರ್ ಪೆಟ್ಟಿಗ್ಯಾಗವೆ ಗೌಡ್ರೆ. ಬಾಯಿ ಬಿಡಿಸಿ ತೋರಿಸಾಕೆ ಬರಾಕಿಲ್ಲ.’

ಅಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಅವರನ್ನು ಹತ್ತಿಸಿ ಕೂರಿಸಿದರು, ಹತ್ತಿಸಿದರು ಎಂದರೆ ಹಮಾಲ ಎತ್ತಿ ಇಟ್ಟ. ಕಾಲು ಎರಡೂ ಕಡೆ ಗಾಳಿಯಲ್ಲಿ ನೇತಾಡಿದವು, ಉಯ್ಯಾಲೆಯ ಮೇಲಿನ ಮಗುವಿನ ಕಾಲಿನ ಹಾಗೆ. ಗಾಡಿ ಸ್ಟ್ಯಾಂಡಿನ ಮೇಲಿರುವಾಗಲೇ ಎದ್ದು ನಿಂತು ಕಿಕ್ ಹೊಡೆಯಲು ಹೋದರು. ಕಿಕ್ಕು ಅವರನ್ನೇ ಮೇಲಕ್ಕೆಸೆಯಿತು.

‘ಮೇಷ್ಟ್ರೇ, ನೀವು ಗಾಡೀನ ಒದೀತೀರೋ, ಗಾಡಿ ನಿಮ್ಮನ್ನ ಒದೀತೈತೋ?’ ಎಂದು ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಎಲ್ಲರೂ ನಗುವಾಗ ನಾನು ಗಾಡಿಯ ಹಿಂದಿನ ಸೀಟಿನ ಪಕ್ಕ ನಿಂತು ಅಳತೆ ನೋಡುತ್ತಿದ್ದೆ. ಸೀಟು ನನ್ನ ತೊಡೆಗೆ ಬಂತು. ಉದ್ದಕ್ಕೆ ಅವರು, ಪೇಟಿ, ನಾನು, ಮೂವರೂ ಹಿಡಿಸುತ್ತಿದ್ದೆವು. ಅದಕ್ಕಿಂತ ಮುಖ್ಯ, ಈ ಗಾಡಿಯನ್ನು ನಿಲ್ಲಿಸಬೇಕಾದರೆ ಯಾರಾದರೂ ಕಾಲು ಕೊಡಬೇಕು. ಅವರ ಹತ್ತಿರ ಆ ಕಾಲು ಇರಲಿಲ್ಲ. ನನ್ನ ಹತ್ತಿರ ಇತ್ತು.

‘ನೀನೇನಂತೀಯವ್ವ?’ ಎಂದರು ಸೋದರಮಾವ.

‘ಇದೇ ಇರ್ಲಿ ಮಾವ,’ ಎಂದೆ.

ಬಸ್ಸಿನಲ್ಲಿ ಅವರು ನನ್ನ ಕಡೆ ತಿರುಗಿ, ‘ಇದೇ ಇರ್ಲಿ ಅಂದೆಲ್ಲ, ನನ್ ಕಾಲು ಮುಟ್ಟಾಕಿಲ್ಲ, ಕಾಣಲಿಲ್ಲೇನು?’ ಎಂದರು.

‘ನನ್ನವು ಮುಟ್ಟತಾವೆ.’

ಅವರು ನನ್ನ ಕಾಲು ನೋಡಿದರು. ಆಮೇಲೆ ಕಿಟಕಿಯಾಚೆ ನೋಡಿದರು. ‘ಎರಡೂ ಕಡಿ ಕಾಲು ಹಾಕಿ ಕುಂದ್ರತೀಯಾ? ಹೆಂಗಸ್ರು?’

‘ಕಚ್ಚೆ ಹಾಕ್ತೀನಿ.’

ಸೊಕ್ಕೆಯ ಕಡೆ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರೆಲ್ಲ ಸೀರೆಯನ್ನು ಕಾಲ ನಡುವೆ ಎಳೆದು ಹಿಂದೆ ಸಿಕ್ಕಿಸಿ ಕಚ್ಚೆ ಹಾಕುತ್ತಿದ್ದರು. ನನ್ನ ಅವ್ವನೂ ಹಾಗೇ ಉಡುತ್ತಿದ್ದಳು. ಅದು ನ್ಯಾಮತಿಯ ಅತ್ತೆಗೆ ಗೊತ್ತಿತ್ತು, ಇಷ್ಟವಿರಲಿಲ್ಲ.

ಬುಲೆಟ್ ಮನೆಗೆ ಬಂದ ದಿನ ಅತ್ತೆ ಅದಕ್ಕೆ ಆರತಿ ಎತ್ತಿದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ದೀಪಕ್ಕೆ ಕುಂಕುಮ ಹಚ್ಚಿದರು. ಹಚ್ಚಿ ಮುಗಿಸಿ ನನ್ನ ಕಡೆ ತಿರುಗದೆಯೇ ಹೇಳಿದರು: ‘ಗಾಡಿ ಬಂದಿದ್ದು ಪೇಟಿಗೆ, ಸೊಸಿಗಲ್ಲ. ಕಚ್ಚೆ ಹಾಕ್ಕಂಡು ಗಂಡನ ಹಿಂದೆ ಕುಂತು ನಾಟಕದೋರ ಊರಿಗೆ ಹೋದ್ರೆ ಮಂದಿ ಏನಂತಾರೆ? ಮೇಷ್ಟ್ರ ಹೆಂಡ್ತಿನೇ ಪಾರ್ಟು ಕಟ್ಟಾಕೆ ಹೊಂಟಾಳೆ ಅಂತಾರೆ.’

‘ಗಾಡಿ ನಿಲ್ಲಿಸಾಕೆ...’ ಎಂದು ಅವರು ಶುರುಮಾಡಿದರು.

‘ನಿಲ್ಲಿಸಾಕೆ ಬರದಿದ್ರೆ ಯಾಕೋ ತಂದೆ?’

 ಅವರು ತಾವೇ ನಿಲ್ಲಿಸುವುದನ್ನು ಕಲಿಯಲು ಹೊರಟರು. ಸೀಟಿನೊಳಗಿನ ಸ್ಪಂಜು ಕೀಳಿಸಿದರು. ಕಾಲು ಒಂದು ಬೆರಳು ಕೆಳಗಿಳಿಯಿತು, ಕೂತ ಜಾಗ ವಾರಗಟ್ಟಲೆ ಉರಿಯಿತು. ಸೂರಗೊಂಡನಕೊಪ್ಪದ ಕಡೆಯ ದಾರಿಯಲ್ಲಿ ದಿನಾ ಅಭ್ಯಾಸ. ಅಲ್ಲಿ ಒಂದು ದಿನ ಅವರಿಗೆ ಜ್ಞಾನೋದಯವಾಯಿತು. ಮೈಲಿಗಲ್ಲಿಗೆ ಒರಗಿಸಿ ನಿಧಾನ ಮಾಡಿದರೆ ಎಡಗಾಲು ಕಲ್ಲಿನ ತಲೆಯ ಮೇಲೆ ಸರಿಯಾಗಿ ಕೂರುತ್ತದೆ! ಊರೊಳಗೆ ಆದರೆ ಅರಳೀಮರದ ಕಟ್ಟೆ. ಸರ್ಕಾರ ಮೈಲಿಗೊಂದು ಕಲ್ಲು ನೆಟ್ಟಿದೆ, ಹಿರಿಯರು ಊರಿಗೊಂದು ಕಟ್ಟೆ ಕಟ್ಟಿದ್ದಾರೆ, ಇನ್ನು ಹೆಂಡತಿಯ ಕಾಲು ಯಾಕೆ?

ಅವರು ಆ ಸಂತೋಷದಲ್ಲಿ ನನ್ನ ಮುಖ ನೋಡಲೇ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ನಮ್ಮ ಮನೆಯ ಕಟ್ಟೆಯಿಂದಲೇ ಗಾಡಿ ಹತ್ತಿದರು. ಹಿಂದೆ ನಾನು ಅಳತೆ ನೋಡಿಟ್ಟ ಜಾಗದಲ್ಲಿ ಪೇಟಿ ಕಂಬಳಿ ಹಾಸಿಕೊಂಡು ಆರಾಮಾಗಿ ಕೂತಿತ್ತು. ಮೊದಲ ಊರು ನನ್ನ ತವರು, ಸೊಕ್ಕೆ. ‘ನಿಮ್ಮಪ್ಪಗೆ ಏನಾರ ಹೇಳಬೇಕಾ?’ ಎಂದು ಕೇಳಿದರು. ‘ಮಗಳು ಮನೆ ಕಾಯ್ತಾಳೆ ಅಂತ ಹೇಳ್ರಿ,’ ಎಂದೆ. ಡುಗ್ ಡುಗ್ ಎನ್ನುತ್ತ ಹೋದರು. ಲಯ ಚೆನ್ನಾಗಿಯೇ ಇತ್ತು.

ಸೊಕ್ಕೆಯಲ್ಲಿ ಆದದ್ದನ್ನು ಅವರು ಒಂದು ರೀತಿ ಹೇಳಿದರು, ಊರವರು ಒಂದು ರೀತಿ. ನಾನು ಊರವರನ್ನು ನಂಬುತ್ತೇನೆ.

ದಾರಿಯುದ್ದಕ್ಕೂ ಮೈಲಿಗಲ್ಲುಗಳು ಅವರ ಕೈ ಬಿಡಲಿಲ್ಲ. ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ಅರಳೀಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ಊರ ಅಳಿಯ ಬುಲೆಟ್ ಮೇಲೆ ಬರುತ್ತಿದ್ದಾನೆ ಎಂದು ಕಂಡದ್ದೇ ಎಲ್ಲರೂ ಕಟ್ಟೆಯಿಂದ ಇಳಿದು, ಮರ್ಯಾದೆಗೆ ಕಟ್ಟೆಯ ಮುಂದೆಯೇ ಸಾಲಾಗಿ ನಿಂತು ಕೈ ಮುಗಿದರು. ಅಳಿಯನಿಗೆ ಬೇಕಾಗಿದ್ದುದು ಕಟ್ಟೆ. ಸಿಕ್ಕಿದ್ದು ನಮಸ್ಕಾರ.

‘ಸರೀರೀ! ಕಟ್ಟೆ ಬಿಡ್ರೀ!’ ಎಂದು ಅವರು ಕೂಗಿದರಂತೆ. ಗಾಡಿಯ ಸದ್ದಿನಲ್ಲಿ ತುಟಿ ಆಡಿದ್ದಷ್ಟೇ ಕಂಡಿತು. ಅಳಿಯ ಕುಶಲ ಕೇಳುತ್ತಿದ್ದಾನೆ ಎಂದುಕೊಂಡು ಹಿರಿಯರು ಮತ್ತೆ ಬಗ್ಗಿ ಕೈ ಮುಗಿದರು. ಇವರು ಮುಂದೆ ಹೋದರು, ಕಟ್ಟೆಗೆ ಸುತ್ತು ಹಾಕಿ ಬಂದರು. ಹಿರಿಯರು ಇನ್ನೂ ಅಲ್ಲೇ ನಿಂತಿದ್ದರು. ಬೀಳೋಣವೆಂದರೆ ಹಿಂದೆ ಪೇಟಿ. ಮತ್ತೊಂದು ಸುತ್ತು.

ನಮ್ಮ ತವರ ಮನೆ ಕಟ್ಟೆಯ ಎದುರಿಗೇ ಇದೆ. ಅಳಿಯ ಬಂದರೆ ಕಾಲಿಗೆ ನೀರು ಕೊಡಬೇಕಲ್ಲ, ಅವ್ವ ಚೊಂಬು ಹಿಡಿದು ಬಾಗಿಲಲ್ಲಿ ಬಂದು ನಿಂತಳು. ಅಳಿಯ ಮುಂದೆ ಹಾದು ಹೋದ. ಅವ್ವ ನಿಂತೇ ಇದ್ದಳು. ಅಳಿಯ ಮತ್ತೆ ಹಾದು ಹೋದ.

‘ಕಟ್ಟೆಗೆ ಪ್ರದಕ್ಷಿಣೆ ಹರಕೆ ಏನಾರ ಹೊತ್ತಿರಬೇಕು ಕಣೆ,’ ಎಂದಳಂತೆ ಪಕ್ಕದ ಮನೆಯವಳು.

‘ಇರಬೌದು. ಮಕ್ಕಳಿಲ್ಲಲ್ಲ, ಪಾಪ,’ ಎಂದಳಂತೆ ನನ್ನ ಅವ್ವ, ಮತ್ತು ಇನ್ನೊಂದು ಕೈಯಿಂದ ಭಕ್ತಿಯಿಂದ ಮುಗಿದಳಂತೆ.

ಹರಕೆ ಎಂಬ ಮಾತು ಕೇಳಿದ್ದೇ ಊರವರು ದೂರ ನಿಂತು ದಾರಿ ಬಿಟ್ಟರು. ದನ ಅಡ್ಡ ಬಂದರೆ ಓಡಿಸಿದರು. ಒಬ್ಬರು ತೆಂಗಿನಕಾಯಿಯನ್ನೂ ತಂದು ಒಡೆದರು. ಅವರು ಎಷ್ಟು ಸುತ್ತು ಹಾಕಿದರೆಂದು ಊರಲ್ಲಿ ಇವತ್ತಿಗೂ ಜಗಳವಿದೆ. ಕೊನೆಗೆ ಅವರು ದೇವರ ಮೇಲೆ ಭಾರ ಹಾಕಿ ಗಾಡಿಯನ್ನು ಕಣದ ಕಡೆ ತಿರುಗಿಸಿ ನಮ್ಮಪ್ಪನ ಶೇಂಗಾ ಹೊಟ್ಟಿನ ಬಣವೆಗೆ ನುಗ್ಗಿಸಿದರು. ಬಣವೆ ಅವರನ್ನು ಪೂರಾ ನುಂಗಿತು. ಹೊಟ್ಟಿನೊಳಗಿಂದ ಮೊದಲು ಪೇಟಿ ಕುಂಯ್ ಎಂದಿತು, ಆಮೇಲೆ ಅವರು. ಅವ್ವ ಅಲ್ಲಿಗೇ ಚೊಂಬು ತಂದುಕೊಟ್ಟಳು.

ನಾಟಕದ ಅಭ್ಯಾಸಕ್ಕೆ ಅವರು ಅಲ್ಲಿ ಸುತ್ತಲಿನ ಹಳ್ಳಿಗಳಿಗೆ ದಿನಾ ಓಡಾಡಬೇಕಿತ್ತು. ಪ್ರತಿ ಹಳ್ಳಿಯಲ್ಲೂ ಬಣವೆ ಕೇಳಲಾಗುತ್ತದೆಯೇ? ಹಿಂದೆ ಒಬ್ಬ ಉದ್ದ ಕಾಲಿನವನನ್ನು ಕೂರಿಸಿಕೊಳ್ಳಿ ಎಂದು ಊರವರು ರಾಕ್ಷಸನ ಪಾರ್ಟು ಮಾಡುವವನನ್ನು ಕೊಟ್ಟರು. ಅವನು ಹಿಂದೆ ಕೂತ ಕೂಡಲೇ ಮುಂದಿನ ಚಕ್ರ ಮೇಲೆದ್ದಿತು. ಪೇಟಿ ಅವನ ಹೊಟ್ಟೆಯ ಕೆಳಗೆ ಸಿಕ್ಕಿ ನರಳಿತು. ಅದನ್ನು ಕೇಳಿ ಮೇಷ್ಟ್ರ ಕಣ್ಣಲ್ಲಿ ನೀರು ಬಂತಂತೆ.

ಇದಾಗಿ ಕೆಲವು ದಿನಕ್ಕೆ ನಾನು ನ್ಯಾಮತಿಯ ಮನೆ ಮುಂದೆ ರಂಗೋಲಿ ಹಾಕುತ್ತಿದ್ದೆ. ಅತ್ತೆ ಕಟ್ಟೆಯ ಮೇಲೆ ಕೂತು ಹಲ್ಲಿಗೆ ಹೊಗೆಸೊಪ್ಪು ಇಡುತ್ತಿದ್ದರು. ಬಸ್ಸು ಮನೆ ಮುಂದೆ ನಿಧಾನವಾಯಿತು. ಕಂಡಕ್ಟರ್ ಮೆಟ್ಟಿಲ ಮೇಲೆ ಜೋತುಬಿದ್ದು ಕೂಗಿದ:

‘ಯಮ್ಮಾ, ಮೇಷ್ಟ್ರು ಸೊಕ್ಕೆಯಿಂದ ಹೇಳಿ ಕಳಿಸ್ಯಾರೆ. ಗಾಡಿ ಓಡಿಸಾಕೆ ಬರತೈತಂತೆ, ಇಳಿಯಾಕೆ ಬರವಲ್ದಂತೆ. ಹೊ‌ಟ್ಟಿನ ಬಣವ್ಯಾಗೆ ಹೊಕ್ಕಿದ್ರಂತೆ. ಸೊಸೀನ ಬೇಗ ಕಳಿಸಬೇಕಂತೆ!’

ಬಸ್ಸಿನ ಅಷ್ಟೂ ಕಿಟಕಿಗಳು ನಕ್ಕವು. ಒಂದು ಕಿಟಕಿಯಿಂದ ಯಾರೋ ಸೇರಿಸಿದರು: ‘ಹೊಟ್ಟು ತಿಂದು ಖಾಲಿ ಮಾಡೋದ್ರೊಳಗೆ ಕಳಿಸ್ರವ್ವಾ!’

ಅತ್ತೆ ಎದ್ದು ಒಳಗೆ ಹೋದರು. ನಾನು ರಂಗೋಲಿಯ ಉಳಿದ ಗೆರೆಗಳನ್ನು ನಿಧಾನವಾಗಿ ಎಳೆದೆ. ನಗು ಬರುತ್ತಿತ್ತು, ಬೆನ್ನು ಅಲುಗಬಾರದಲ್ಲ. ಒಳಗಿನಿಂದ ಅತ್ತೆಯ ದನಿ ಬಂತು.

‘ಹೋಗು. ಆದ್ರೆ ಒಂದ್ ಮಾತು. ಕಚ್ಚೆ ಹಾಕ್ಕಂಡು ಗಂಡಸ್ರಂಗೆ ಕುಂತು ನನ್ನೂರೊಳಗೆ ಬರಬ್ಯಾಡ. ವಾಪಸ್ ಬರೋವಾಗ ಊರ ಹೊರಗೆ ಇಳದು ನಡಕೊಂಡು ಬಾ. ಇಲ್ಲಾಂದ್ರೆ ಅದೇ ಕೊನೆ, ಮತ್ತೆ ನೀನು ಆ ಗಾಡಿ ಹತ್ತಂಗಿಲ್ಲ.’

‘ಆತು ಅತ್ತೆ,’ ಎಂದೆ. ಆ ಹೊತ್ತಿನಲ್ಲಿ ತಲೆಯ ಮೇಲೆ ನಡೆದುಕೊಂಡು ಬಾ ಎಂದಿದ್ದರೂ ಆತು ಎನ್ನುತ್ತಿದ್ದೆ.

ಹೀಗೆ ನಾನು ಬಸ್ಸಿನಲ್ಲಿ ಸೊಕ್ಕೆಗೆ ಹೋಗಿ ಆ ಗಾಡಿ ಹತ್ತಿದೆ. ಮುಂದೆ ಅವರು, ನಡುವೆ ಕಂಬಳಿ ಸುತ್ತಿದ ಪೇಟಿ, ಹಿಂದೆ ನಾನು. ಗಂಡ ಹೆಂಡತಿ ನಡುವೆ ಸವತಿ ಕೂತ ಹಾಗೆ. ಗುಂಡಿ ಬಂದಾಗಲೆಲ್ಲ ಅದು ಕುಂಯ್ ಅನ್ನುತ್ತಿತ್ತು. ಅವರು ಹಿಂದೆ ಕೈ ಹಾಕಿ ತಟ್ಟಿ ಸಮಾಧಾನ ಮಾಡುತ್ತಿದ್ದರು. ಒಂದೊಂದು ಸಲ ಕೈ ಇನ್ನೂ ಸ್ವಲ್ಪ ಹಿಂದಕ್ಕೆ ಬಂದು ನನ್ನ ಮೊಣಕಾಲನ್ನೂ ತಟ್ಟುತ್ತಿತ್ತು. ಬೇಕೆಂದೇ ತಟ್ಟಿದ್ದೋ, ಪೇಟಿ ಅಂದುಕೊಂಡು ತಟ್ಟಿದ್ದೋ, ನಾನು ಕೇಳಲಿಲ್ಲ.

ನಿಲ್ಲಿಸುವುದಕ್ಕೆ ನಮ್ಮದೇ ಒಂದು ಕ್ರಮ ಆಯಿತು. ಅವರು ನಿಧಾನ ಮಾಡುತ್ತಿದ್ದರು. ನಾನು ಎರಡೂ ಕಾಲು ನೆಲಕ್ಕೆ ಊರುತ್ತಿದ್ದೆ. ಅವರು ಮುಂದೆ ನೋಡಿಕೊಂಡೇ, ‘ಹಿಡಿದೀಯಾ?’ ಎನ್ನುತ್ತಿದ್ದರು. ‘ಹಿಡಿದೀನಿ, ಇಳೀರಿ,’ ಎನ್ನುತ್ತಿದ್ದೆ. ಆಗ ಅವರು ಟ್ಯಾಂಕಿನ ಮೇಲಿಂದ ಕಾಲೆತ್ತಿ ನೆಲಕ್ಕೆ ಹಾರುತ್ತಿದ್ದರು. ನಾನು ಹೇಳದೆ ಅವರು ಒಂದು ದಿನವೂ ಇಳಿದವರಲ್ಲ.

ಹೋದ ಆಷಾಢದಲ್ಲಿ, ಆಸ್ಪತ್ರೆಯಲ್ಲಿ, ಅವರ ಮಾತು ನಿಂತುಹೋಗಿತ್ತು. ಉಸಿರು ಮಾತ್ರ ಎಳೆದು ಎಳೆದು ಬರುತ್ತಿತ್ತು, ತಿದಿ ಹರಿದ ಪೇಟಿಯ ಹಾಗೆ. ನಾನು ಕೈ ಹಿಡಿದು ಕೂತಿದ್ದೆ. ಅವರು ಏನೂ ಕೇಳಲಿಲ್ಲ. ನಾನೇ ಹೇಳಿದೆ, ‘ಹಿಡಿದೀನಿ, ಇಳೀರಿ.’ ಗಾಡಿ ಬಂದ ಮೇಲೆ ಹುಟ್ಟಿದ ಮಗಳು ಗಾಬರಿಯಾಗಿ, ಅವ್ವನಿಗೆ ಏನೋ ಆಯಿತು ಎಂದು ನರ್ಸನ್ನು ಕರೆಯಲು ಓಡಿದಳು. ಅವಳು ಬರುವಷ್ಟರಲ್ಲಿ ಅವರು ಇಳಿದಿದ್ದರು.

ಇರಲಿ. ನ್ಯಾಮತಿಗೆ ವಾಪಸ್ ಬಂದದ್ದು ಹೇಳಬೇಕು.

ಜಗಳೂರಿನ ಕಡೆಯ ನಾಟಕಗಳು ಮುಗಿದ ಮೇಲೆ ಹೊರಟೆವು. ಚನ್ನಗಿರಿ ದಾಟುವಾಗ ಆ ಗುಮಾಸ್ತರ ಮನೆ ಮುಂದೆ ಅವರು ಬೇಕೆಂದೇ ಜೋರಾಗಿ ಹಾರ್ನ್ ಹೊಡೆದರು. ಹೊನ್ನಾಳಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಹೋಟೆಲಿನವರೆಲ್ಲ ಹೊರಗೆ ಬಂದು ನೋಡಿದರು. ನನ್ನ ಎರಡು ಕಾಲು ಊರಿಕೊಂಡಿದ್ದವು, ಅವರು ಹಾರಿದರು, ಒಬ್ಬ ಮುದುಕ ‘ಸರ್ಕಸ್ಸಿನೋರಾ?’ ಎಂದು ಕೇಳಿದ. ‘ಹೂಂ. ಸಂಜಿ ಆಟ ಐತೆ, ಬರ್ರಿ,’ ಎಂದರು ಅವರು.

ನ್ಯಾಮತಿ ಹತ್ತಿರವಾಯಿತು. ಊರು ಶುರುವಾಗುವ ಮುಂಚೆ, ಒಂದು ಹುಣಸೇಮರದ ಕೆಳಗೆ ನಿಧಾನ ಮಾಡಿದರು. ನಾನು ಕಾಲು ಊರಿದೆ.

‘ಇಳೀತೀಯಾ? ಅವ್ವ ಹೇಳ್ಯಾಳಲ್ಲ.’

‘ಇಳೀತೀನಿ. ನೀವು ಹೆಂಗೆ ಇಳೀತೀರಿ?’

‘ಮನೆ ಕಟ್ಟೆ ಐತಲ್ಲ.’

‘ಈ ಹೊತ್ತಿನಾಗೆ ಕಟ್ಟೆ ಮ್ಯಾಲೆ ಅತ್ತೆ ಕುಂತಿರ್ತಾರೆ. ಓಣಿ ಹೆಂಗಸರೂ ಇರ್ತಾರೆ. ಮೇಷ್ಟ್ರು ಬಂದ್ರು ಅಂತ ಎದ್ದು ನಿಲ್ತಾರೆ.’

ಅವರು ಯೋಚಿಸಿದರು. ಅವರ ಕಿವಿಯ ಹಿಂದೆ ಇನ್ನೂ ಒಂದು ಶೇಂಗಾ ಹೊಟ್ಟಿನ ಚೂರು ಅಂಟಿಕೊಂಡಿತ್ತು, ಅಥವಾ ನನಗೆ ಹಾಗೆ ಕಂಡಿತು.

‘ಅತ್ತೆ ಮತ್ತೆ ಹತ್ತಬ್ಯಾಡ ಅಂದ್ರೆ?’ ಎಂದೆ. ನನಗೆ ಹೆದರಿಕೆ ಇದ್ದದ್ದು ಅದೊಂದೇ. ಇಳಿದು ನಡೆದರೆ ಮಾತು ಉಳಿಯುತ್ತದೆ, ಸೀಟೂ ಉಳಿಯುತ್ತದೆ. ಅವರು ಮಾತ್ರ ನಡು ಓಣಿಯಲ್ಲಿ ತಾಯಿಯ ಕಣ್ಣೆದುರೇ ಬೀಳುತ್ತಾರೆ.

ಅವರು ಮುಂದೆ ನೋಡಿಕೊಂಡೇ ಹೇಳಿದರು: ‘ಕಾಲೆತ್ತು. ಗಟ್ಟಿಯಾಗಿ ಕುಂತ್ಗ.’

ಪೇಟೆಯ ಬೀದಿಯ ನಡುವೆಯೇ ಹೋದೆವು. ದರ್ಜಿ ಮಿಷನ್ನಿನ ಮೇಲಿಂದ ಕಾಲು ತೆಗೆದ. ಚಹಾದಂಗಡಿಯಲ್ಲಿ ಬಸಿಯಿಂದ ಬಾಯಿಗೆ ಹೋಗುತ್ತಿದ್ದ ಚಹಾ ಬಾಯಿ ಸೇರಲಿಲ್ಲ. ನಾನು ಯಾರ ಕಡೆಯೂ ನೋಡಲಿಲ್ಲ, ಪೇಟಿಯನ್ನು ತಬ್ಬಿ ಹಿಡಿದಿದ್ದೆ. ಮನೆ ಬಂತು. ಕಟ್ಟೆಯ ತುಂಬ ಹೆಂಗಸರು ಹುಣಸೇಹಣ್ಣು ಬಿಡಿಸುತ್ತ ಕೂತಿದ್ದರು, ನಡುವೆ ಅತ್ತೆ. ಅವರು ನಿಧಾನ ಮಾಡಿದರು. ನಾನು ಎರಡೂ ಕಡೆ ಕಾಲು ಊರಿದೆ.

ಕಟ್ಟೆಯ ಮೇಲಿನ ಕೈಗಳೆಲ್ಲ ಹುಣಸೇಹಣ್ಣಿನಲ್ಲೇ ನಿಂತವು. ಎದುರು ಮನೆಯವಳಿಗೆ ಮಾತ್ರ ತಡೆಯಲಾಗಲಿಲ್ಲ. ‘ಏನೇ ಯಮ್ಮಾ, ನಿನ್ ಸೊಸಿ ಕುದುರಿ ಮ್ಯಾಲೆ ಕುಂತಂಗೆ ಕುಂತಾಳಲ್ಲೇ! ನಿಮ್ಮನ್ಯಾಗೆ ಹೆಂಗಸು ಯಾರು, ಗಂಡಸು ಯಾರು?’

ಅತ್ತೆ ನನ್ನ ಕಾಲು ನೋಡಿದರು. ಕಚ್ಚೆ ನೋಡಿದರು. ಗಾಳಿಯಲ್ಲಿ ನೇತಾಡುತ್ತಿದ್ದ ತಮ್ಮ ಮಗನ ಕಾಲು ನೋಡಿದರು. ಆಮೇಲೆ ಎದುರು ಮನೆಯವಳ ಕಡೆ ತಿರುಗಿದರು.

‘ನನ್ ಮಗನ ಕಾಲು ನೆಲಕ್ಕೆ ಮುಟ್ಟಂಗಿದ್ರೆ ಅವಳೂ ನಿನ್ನಂಗೆ ಒಂದು ಮಗ್ಗಲಿಗೆ ಕುಂದ್ರತಿದ್ಲು. ನಿನ್ ಗಂಡನ ಕಾಲು ನೆಲಕ್ಕೇನೋ ಮುಟ್ಟತಾವೆ, ಸಂಜಿಯಾದ್ರೆ ನೆಟ್ಟಗೆ ನಿಲ್ಲಾಕಿಲ್ಲ ಅಷ್ಟೆ. ಹುಣಿಸೇಹಣ್ಣು ಬಿಡಸು.’

ಕಟ್ಟೆಯ ಮೇಲೆ ನಗು ಬಿತ್ತು. ಅವರು ಇಳಿದರು. ಪೇಟಿ ಇಳಿಯಿತು. ನಾನು ಇಳಿದು ಕಚ್ಚೆ ಬಿಚ್ಚಿ ಸೆರಗು ಹೊದ್ದು ಒಳಗೆ ಹೋದೆ. ಅತ್ತೆ ಹಿಂದೆಯೇ ಬಂದರು. ಬಾಗಿಲ ಮರೆಯಲ್ಲಿ ನಿಂತು ದನಿ ತಗ್ಗಿಸಿ ಬೈದರು:

‘ಊರ ಹೊರಗೆ ಇಳಿ ಅಂದಿದ್ದೆ.’

‘ಇಳಿದಿದ್ರೆ ನಿಮ್ಮ ಮಗ ನಿಮ್ಮ ಹುಣಿಸೇಹಣ್ಣಿನ ಮ್ಯಾಲೆ ಬರ್ತಿದ್ರು ಅತ್ತೆ.’

ಅತ್ತೆ ಮೂಲೆಯ ಬಿಂದಿಗೆ ಎತ್ತಿಕೊಂಡರು. ಆಮೇಲೆ, ‘ನಾಳಿಂದ ಸೀರೆ ಒಂಚೂರು ಇಳಿಸಿ ಉಟ್ಕ. ಮೊಣಕಾಲು ಕಾಣ್ತಾವೆ,’ ಎಂದು ಹೇಳಿ ಒಲೆಯ ಮೇಲೆ ನೀರಿಡಲು ಹೋದರು.

ಮರುದಿನ ಅವರಿಗೆ ಚನ್ನಗಿರಿ ಕಡೆಯ ಹಳ್ಳಿಯಲ್ಲಿ ಅಭ್ಯಾಸವಿತ್ತು. ನಾನು ಬೇಗ ಎದ್ದು ರೊಟ್ಟಿ ಬಡಿದು ಕಟ್ಟಿಕೊಂಡು, ಅತ್ತೆ ಹೇಳಿದ ಹಾಗೆಯೇ ಸೀರೆಯನ್ನು ಹಿಮ್ಮಡಿಯವರೆಗೆ ಇಳಿಸಿ ಉಟ್ಟೆ. ಹೊನ್ನಾಳಿ ಸೇತುವೆ ದಾಟುವಷ್ಟರಲ್ಲಿ ಅದು ಮತ್ತೆ ಮೊಣಕಾಲಿಗೆ ಬಂದಿತ್ತು.